ಎರಡು ವರ್ಷ ಚಪ್ಪಲಿ ಕಾಯ್ದಾಕಿ

ಎಂಟನೇತ್ತ್ಯಾಗ ಸಾಲಿ ಟೀಮಿನ್ಯಾಗ ಬಂದ್ರೇನು, ಹತ್ತನೇತ್ತ್ಯಾಗ ಬಂದ್ರೇನು, ಆಡಾಕ ಬಂದ್ರ ಆತಲ್ಲ ಅಂತ ಹೇಳೋ ಮಂದಿ ಭಾಳ ಅದಾರ. ಅಂಥವರ ಮಾತು ಕೇಳಿದ್ರ ನನಗ ಇವತ್ತಿಗೂ ಮೈ ಉರೀತೈತಿ. ಅವರು ಯಾರೂ ಮೈದಾನದ ಅಂಚಿಗೆ ಕುಂತು ಬ್ಯಾರೇದವರ ಚಪ್ಪಲಿ ಕಾಯ್ದಿಲ್ಲ. ನಾ ಕಾಯ್ದೇನಿ, ಎರಡು ವರ್ಷ. ಹನ್ನೆರಡು ಜೋಡು ಚಪ್ಪಲಿ, ಹನ್ನೆರಡು ಪಾಟಿಚೀಲ, ಮ್ಯಾಲ ಪಿ.ಟಿ. ಸರ್ ಅವರದೊಂದು ಕೈಗಡಿಯಾರ.

ತೊಂಬತ್ತರ ದಶಕದ ನಡುವಿನ ಮಾತಿದು. ಮೂಡಲಗಿ ಆಗಿನ್ನೂ ತಾಲೂಕ ಆಗಿದ್ದಿಲ್ಲ, ಎಲ್ಲಾದಕ್ಕೂ ಗೋಕಾಕಿಗೇ ಹೋಗಬೇಕಿತ್ತು. ನಮ್ಮ ಮನಿ ಬಸದಿ ಹಿಂದಿನ ಓಣ್ಯಾಗ. ಅಪ್ಪಂದು ಸ್ವಲ್ಪ ಹೊಲ, ಸಂತಿ ಬಯಲಿನ ಬಾಜೂಕ ಒಂದು ಕಾಳಿನ ಅಂಗಡಿ. ನನ್ನ ಗೆಳತಿ ಎರಡು ಓಣಿ ಆಚೆ ಇರೋ ಕುರುಬರ ಮನಿ ಹುಡುಗಿ. ಒಂದನೇತ್ತೆಯಿಂದ ಇಬ್ಬರೂ ಒಂದೇ ಪಾಟಿ ಮ್ಯಾಲ ಬರದವರು. ಆಕಿ ಓಡೋದು ನೋಡಿ ಮಂದಿ, ಕುರಿ ಹಿಂದ ಓಡಿ ಓಡಿ ಕಲ್ತಾಳ ಅಂತಿದ್ರು. ಖರೆ ಹೇಳಬೇಕಂದ್ರ ಆಕಿ ಒಂದು ದಿನಾನೂ ಕುರಿ ಕಾಯ್ದಾಕಿ ಅಲ್ಲ. ಟಗರು ಕಂಡ್ರ ನನ್ನ ಹಿಂದ ಬಂದು ನಿಂದ್ರತಿದ್ಲು.

ನಮ್ಮ ಹೈಸ್ಕೂಲಿನ್ಯಾಗ ಹುಡುಗ್ಯಾರ ಖೋ-ಖೋ ಅಂದ್ರ ಊರಿಗೇ ಅಭಿಮಾನ. ಟೀಮಿಗೆ ಹನ್ನೆರಡು ಮಂದಿ. ಒಂಬತ್ತು ಮಂದಿ ಆಡವರು, ಮೂರು ಮಂದಿ ಯಾರಿಗರೆ ಪೆಟ್ಟಾದ್ರ ಒಳಗ ಹೋಗವರು. ಆ ಹನ್ನೆರಡು ಮಂದಿಗೆ ನೀಲಿ ಅಂಗಿ, ಬೆನ್ನ ಮ್ಯಾಲ ನಂಬರ್. ಅದನ್ನ ಹಾಕ್ಕೊಂಡವರ ನಡಗೀನ ಬ್ಯಾರೆ ಆಗತಿತ್ತು. ಪೇಟ್ಯಾಗ ಹೋದ್ರ ಚಹಾದಂಗಡಿಯವರೂ ಮಾತಾಡಸತಿದ್ರು. ಬಹಳ ಮಾಡಿ ಹತ್ತನೇತ್ತೆಯವರೇ ಇರತಿದ್ರು, ಎಂಟನೇತ್ತ್ಯಾಗ ಯಾರಿಗರೆ ಆ ಅಂಗಿ ಸಿಕ್ಕರ ಆಕಿ ಮೂರೂ ವರ್ಷ ರಾಣಿ. ನನಗ ಆ ಅಂಗಿ ಬೇಕಿತ್ತು. ಯಾಕಂದ್ರ ಅಪ್ಪ ಮೊದಲೇ ಹೇಳಿಬಿಟ್ಟಿದ್ದ, ಹತ್ತನೇತ್ತೆ ಮುಗೀತಂದ್ರ ಓಡೂದು ಜಿಗಿಯೂದು ಎಲ್ಲಾ ಬಂದ್ ಅಂತ. ಅಂದ್ರ ನನ್ನ ಕೈಯಾಗ ಇದ್ದದ್ದು ಮೂರು ವರ್ಷ, ಅಷ್ಟ.

ಜುಲೈ ತಿಂಗಳದಾಗ ಆಯ್ಕೆ ಆತು. ಜಿಟಿಜಿಟಿ ಮಳಿ ನಿಂತು ಮೂರು ದಿನ ಆಗಿತ್ತು, ಎರಿ ಮಣ್ಣು ಕಾಲಿಗೆ ಅಂಟತಿತ್ತು. ಒಂದು ವಾರ ನಾನೂ ಗೆಳತೀನೂ ಜೋಡಿಯಾಗಿ ಓಡಿದ್ವಿ, ಕುಂತ್ವಿ, ಎದ್ವಿ, ಖೋ ಕೊಟ್ವಿ. ಆಕಿ ಓಡೋದ್ರಾಗ ಮುಂದ, ನಾ ಕಂಬದ ಸುತ್ತ ಹೊಳ್ಳೋದ್ರಾಗ ಮುಂದ. ಶನಿವಾರ ಸರ್ ನೋಟಬುಕ್ ತಗದು ಹನ್ನೆರಡು ಹೆಸರು ಓದಿದ್ರು. ಆಕಿ ಹೆಸರು ಆರನೇದ್ದು. ಏಳು, ಎಂಟು, ಒಂಬತ್ತು ಅಂತ ನಾ ಬೆರಳು ಮಡಚಗೋತ ಹೋದೆ. ಹನ್ನೆರಡು ಮುಗದ್ವು, ನೋಟಬುಕ್ ಮುಚ್ಚಿದ್ರು. ಆಮ್ಯಾಲ ನನ್ನ ಕಡೆ ನೋಡಲಾರದ, ನೀನೂ ದಿನಾ ಬಾರವಾ, ಚಲೋ ಓಡತಿ, ನೋಡಿ ಕಲಿ, ಚೀಲ ಚಪ್ಪಲಿ ನೋಡಕೊಳ್ಳಾಕೂ ಒಬ್ಬರು ಬೇಕಾಗತಾರ ಅಂದ್ರು.

ಗೆಳತಿ ನನ್ನ ಕೈ ಹಿಡಿಯಾಕ ಬಂದ್ಲು, ನಾ ಜಾಡಿಸಿದೆ. ಅವತ್ತ ನಾ ಒಬ್ಬಾಕೇನ ಮನಿಗೆ ಬಂದೆ. ಪಡಸಾಲ್ಯಾಗ ಆಯಿ ಕುಂತಿದ್ಲು. ಆಯಿ ಅಂದ್ರ ನಮ್ಮ ಅಪ್ಪನ ಅವ್ವ. ಸಿಟ್ಟು ಬಂದ್ರ ಮರಾಠಿ, ಪ್ರೀತಿ ಬಂದ್ರ ಕನ್ನಡ, ಬಸದ್ಯಾಗ ಕುಂತ್ರ ಮಾತೇ ಇಲ್ಲ, ಹಂಗಿದ್ಲು. ಏನಾತು ಬಾಳಾ ಅಂತ ಕೇಳಿದ್ಲು. ಮಗಾ ಅನ್ನೋದನ್ನ ಮಾತ್ರ ಆಕಿ ಯಾವಾಗಲೂ ಮರಾಠ್ಯಾಗ ಬಾಳಾ ಅಂತಿದ್ಲು. ಇಲ್ಲ ಅನ್ನಬೇಕಂತ ಬಾಯಿ ತಗದೆ. ಬಾಯಾಗಿಂದ ಬಂದದ್ದು, "ತೊಗೊಂಡ್ರು."

ಅವತ್ತ ನನಗ ಗಾಬರಿ ಆಗಿದ್ದು ಸುಳ್ಳು ಹೇಳಿದ್ದಕ್ಕಲ್ಲ, ಆಯಿ ನೋಡಿದ ರೀತಿಗೆ. ಆಕಿ ನನ್ನ ಮಾರಿ ನೋಡಿದ್ಲು, ನೋಡಿದ್ಲು, ಆಮ್ಯಾಲ ಕೆಳಗ ನೋಡಿ ಕೈಯಾಗಿನ ಜೋಳದ ಮೊರ ಜಾಡಿಸಾಕ ಹತ್ತಿದ್ಲು. ಹಂಗಾದ್ರ ಹೊತ್ತು ಮುಳುಗೋದ್ರಾಗ ಊಟ ಹೆಂಗ ಅಂದ್ಲು. ನಾವು ಜೈನರು, ನಮ್ಮ ಮನ್ಯಾಗ ಹೊತ್ತು ಮುಳುಗಿದ ಮ್ಯಾಲ ಯಾರೂ ಒಂದು ತುತ್ತೂ ಮುಟ್ಟತಿದ್ದಿಲ್ಲ. ದೀಪ ಹಚ್ಚೋ ಹೊತ್ತಿಗೆ ಅಡಿಗಿಮನಿ ತೊಳದು ಒರಸಿ ಮುಗದಿರತಿತ್ತು. ಆಟದ ಪ್ರ್ಯಾಕ್ಟೀಸು ಸಾಲಿ ಬಿಟ್ಟ ಮ್ಯಾಲ ಐದಕ್ಕ ಸುರು ಆದ್ರ ಕತ್ತಲಾಗೋ ತನಕ. ಅಪ್ಪ ಇದನ್ನ ಕೇಳಿ, ಊಟ ತಪ್ಪಿಸಿ ಆಡೋ ಆಟ ಯಾರಿಗೆ ಬೇಕು, ಬ್ಯಾಡ ಅಂದ. ಆಯಿ ಅಪ್ಪನ ಕಡೆ ಹೊಳ್ಳಿ, ಹುಡುಗಿ ಆಡ್ಲಿ, ಬುತ್ತಿ ನಾ ಒಯ್ಯತೀನಿ ಅಂದ್ಲು. ಅಪ್ಪ ಆಯಿಗೆ ಎದುರು ಮಾತಾಡಾವ ಅಲ್ಲ.

ಸೋಮವಾರದಿಂದ ಸುರು ಆತು ನೋಡ್ರಿ. ಸಂಜಿ ಆರು ಹೊಡಿಯೋದಕ್ಕೂ ಮೊದಲು ಮೈದಾನದ ಬೇವಿನ ಗಿಡದ ಕೆಳಗ ಬಿಳಿ ಸೀರಿ ಕಾಣತಿತ್ತು. ಒಂದು ಕೈಯಾಗ ಬಟ್ಟಿ ಕಟ್ಟಿದ ಡಬ್ಬಿ, ಇನ್ನೊಂದು ಕೈಯಾಗ ಸೋಸಿದ ನೀರಿನ ತಂಬಿಗಿ. ನಾ ಟೀಮಿನ್ಯಾಗ ಇಲ್ಲ, ಚಪ್ಪಲಿ ಹತ್ತಿರ ಕುಂತೀನಿ, ಆಯಿ ಬರಾಕತ್ತಾಳ! ಮೊದಲನೇ ದಿನ ನನ್ನ ಜೀವಾನ ಬಾಯಿಗೆ ಬಂತು. ಓಡಿ ಹೋಗಿ ಸರ್ ಅವರ ಕಾಲು ಹಿಡೀಲೇನು ಅನ್ನೋದ್ರಾಗ ಸರ್ ಅವರೇ ಶಿಳ್ಳಿ ಊದಿ ನನ್ನ ಒಳಗ ಕರದ್ರು. ಗೆಳತಿಗೆ ಹೊರಗ ಬಾ ಅಂದ್ರು. ಹತ್ತು ನಿಮಿಷ ನಾ ಒಂಬತ್ತು ಮಂದ್ಯಾಗ ಒಬ್ಬಾಕಿ ಆಗಿ ಆಡಿದೆ. ಆಮ್ಯಾಲ ಶಿಳ್ಳಿ ಆತು, ನಾ ಬಂದು ಆಯಿ ಬಾಜೂಕ ಕುಂತು ಉಂಡೆ.

ದಿನಾ ಇದಾ ಆತು. ಆಯಿ ಬಂದ್ಲಂದ್ರ ಗೆಳತಿ ಹೇಳಿಸಿಕೊಳ್ಳಲಾರದ ಹೊರಗ ಬರತಿದ್ಲು, ನಾ ಒಳಗ. ಇಡೀ ಟೀಮಿಗೆ ನನ್ನ ಸುಳ್ಳು ಗೊತ್ತಾಗಿತ್ತು. ಹನ್ನೆರಡು ಮಂದ್ಯಾಗ ಒಬ್ಬಾಕಿನೂ ಬಾಯಿ ಬಿಡಲಿಲ್ಲ. ಬರಬರತ ಎಲ್ಲಾರೂ ಆಯಿ ಸುತ್ತ ಬಂದು ಕುಂದರಾಕ ಹತ್ತಿದ್ರು. ಒಂದು ಡಬ್ಬಿ ಎರಡಾತು, ಎರಡು ಹೋಗಿ ದೊಡ್ಡ ಬುಟ್ಟಿ ಆತು. ಮಳಿಗಾಲದ ನಾಕು ತಿಂಗಳು ನಮ್ಮ ಮನ್ಯಾಗ ತಪ್ಪಲ ಪಲ್ಯ ಮಾಡಂಗಿಲ್ಲ, ಉಳ್ಳಾಗಡ್ಡಿ ಅಂತೂ ಯಾವತ್ತೂ ಇಲ್ಲ. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹೆಸರಕಾಳಿನ ಪಲ್ಯ, ಇಷ್ಟ. ಉಳ್ಳಾಗಡ್ಡಿ ಇಲ್ಲದ ಊಟ ಏನು ಊಟಾರಿ ಆಯಿ ಅಂತ ನನ್ನ ಗೆಳತಿ ಕಾಡಿಸಿಗೋತ ಮೂರು ರೊಟ್ಟಿ ಖಾಲಿ ಮಾಡತಿದ್ಲು. ಆಯಿ ಆಕಿಗೆ ನಾಕನೇದ್ದು ನೀಡತಿದ್ಲು.

ಪಂದ್ಯ ಬಂದಾಗ ಏನು ಮಾಡಬೇಕು ಅನ್ನೋ ಚಿಂತಿ ನನ್ನ ತಲಿ ತಿಂತಿತ್ತು. ಕೌಜಲಗಿಗೆ ಟೀಮು ಹೊಂಟಾಗ ಮನ್ಯಾಗ ಹೇಳಲೇಬೇಕಾತು. ಆಯಿ ಒಂದೇ ಮಾತಿಗೆ ಕಳಸಂಗಿಲ್ಲ ಅಂದ್ಲು. ಹೊರಗಿನ ನೀರು, ಹೊರಗಿನ ಅಡಿಗಿ, ಹೊತ್ತಿಲ್ಲದ ಹೊತ್ತಿನ್ಯಾಗ ಊಟ, ಅದೆಲ್ಲಾ ಆಗಂಗಿಲ್ಲ, ಇಲ್ಲೆ ಎಷ್ಟರೆ ಆಡು ಅಂದ್ಲು. ಒಳಗಿಂದ ನನಗ ಅಬ್ಬಾ ಬದುಕಿದ್ನಿ ಅನಿಸ್ತು. ಹಂಗಂತ ಸುಮ್ಮನಿದ್ರ ಸುಳ್ಳು ಗೊತ್ತಾಗತೈತಲ್ಲ, ಅದಕ್ಕ ನಾ ನೆಲದ ಮ್ಯಾಲ ಉರುಳಾಡಿ ಅಳೋ ನಾಟಕ ಮಾಡಿದೆ. ನಾಟಕ ಮಾಡಕೋತ ಮಾಡಕೋತ ಖರೇ ಅಳು ಬಂತು, ನಿಲ್ಲವಲ್ಲದು. ಆಯಿ ನನ್ನ ಬೆನ್ನು ಸವರಿಕೋತ ಕುಂತಿದ್ಲು.

ಆ ವರ್ಷ ನಮ್ಮ ಟೀಮು ಗೋಕಾಕಿನ್ಯಾಗ ಗೆದ್ದು ಹುಕ್ಕೇರಿಗೂ ಹೋತು. ಘಟಪ್ರಭಾದಾಗ ಬಸ್ಸು ಬದಲಿ ಮಾಡಿದ್ದು, ಹುಕ್ಕೇರಿ ಸಾಲ್ಯಾಗ ಬೆಂಚು ಜೋಡಿಸಿ ಮಲಕೊಂಡಿದ್ದು, ಮೈದಾನದ ಸುತ್ತ ಮಂದಿ ಗ್ವಾಡಿಗತೆ ನಿಂತಿದ್ದು, ಎಲ್ಲಾ ಗೆಳತಿ ಬಂದು ಹೇಳಿದ್ಲು. ಆಕಿ ಹೇಳಬೇಕಂತ ಹೇಳಲಿಲ್ಲ, ನಾನ ಕೆದರಿ ಕೆದರಿ ಕೇಳಿದೆ. ಕೇಳಿ ಮುಗದ ಮ್ಯಾಲ ಎರಡು ದಿನ ಆಕಿ ಜೋಡಿ ಮಾತು ಬಿಟ್ಟೆ. ಮೂರನೇ ದಿನ ಆಕಿ ತನ್ನ ನೀಲಿ ಅಂಗಿ ತಂದು, ಒಂದ್ಸಲ ಹಾಕ್ಕೊಂಡು ನೋಡು ಅಂದ್ಲು. ನಾ ಹಾಕ್ಕೊಳ್ಳಲಿಲ್ಲ. ಆಕಿ ಬ್ಯಾಸರ ಮಾಡಕೊಂಡು ವಾಪಸ್ ಒಯ್ದ್ಲು.

ಒಂಬತ್ತನೇತ್ತೆಗೆ ಬಂದೆ. ಈ ಸಲ ಖಾತ್ರಿ ಅಂತ ಅನಕೊಂಡಿದ್ದೆ. ಮುಂಜಾನಿ ಎದ್ದು ಕಾಲುವಿ ದಂಡಿಗುಂಟ ಓಡತಿದ್ದೆ, ಹಿತ್ತಲದಾಗ ಒಂದು ಕಟಗಿ ನೆಟ್ಟು ಅದರ ಸುತ್ತ ತಲಿ ತಿರಗೋ ತನಕ ಹೊಳ್ಳತಿದ್ದೆ. ಜುಲೈದಾಗ ಸರ್ ಮತ್ತ ನೋಟಬುಕ್ ತಗದ್ರು. ಹನ್ನೆರಡನೇ ಹೆಸರು ಎಂಟನೇತ್ತೆಗೆ ಆಗಷ್ಟ ಬಂದ ಒಂದು ಸಣ್ಣ ಹುಡುಗೀದು. ಇನ್ನೂ ಲಂಗ ಎತ್ತಿ ಕಟ್ಟಾಕೂ ಬರತಿದ್ದಿಲ್ಲ ಅದಕ್ಕ. ಎಲ್ಲಾರೂ ಹೋದ ಮ್ಯಾಲ ಸರ್ ಮುಂದ ನಿಂತು ಕೇಳೇಬಿಟ್ಟೆ.

"ನಾ ಏನ್ ಕಮ್ಮಿ ಅದೇನ್ರಿ ಸರ್?"

ಕಮ್ಮಿ ಇಲ್ಲವಾ ಅಂದ್ರು. ಅಂದು ಕಂಬ ಗಟ್ಟಿ ಐತೋ ಇಲ್ಲೋ ಅಂತ ಅಲುಗಾಡಿಸಿ ನೋಡಾಕ ಹೋದ್ರು. ಕಂಬ ಗಟ್ಟಿನೇ ಇತ್ತು, ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಾರಿ ಮ್ಯಾಲ ಹೇಳಾಕ ಆಗದಷ್ಟು ನನ್ನ ಆಟ ಕೆಟ್ಟದ್ದೈತಿ ಅಂತ ನಾ ತಿಳಕೊಂಡೆ. ಮತ್ತೇನು ತಿಳಕೋಬೇಕು ಹದಿನಾಕು ವರ್ಷದ ಹುಡುಗಿ? ಆ ವರ್ಷಪೂರ್ತಿ ನನ್ನ ಕಾಲ ಮ್ಯಾಲ ನನಗ ನಂಬಿಕೀನ ಉಳೀಲಿಲ್ಲ. ಹಳ್ಳ ದಾಟೋ ಮುಂದ ಸೈತ ಜಿಗಿಯಾಕ ಅಂಜತಿದ್ದೆ. ಮೊದಲು ನಾ ಹಂಗಿದ್ದಾಕಿ ಅಲ್ಲ.

ಆದ್ರೂ ಮೈದಾನ ಬಿಡಲಿಲ್ಲ. ಬಿಟ್ರ ಮನ್ಯಾಗ ಏನಂತ ಹೇಳಲಿ? ಆಯಿ ದಿನಾ ಬರಾಕಿ. ಮಳಿ ಇದ್ರ ಗೋಣಿಚೀಲದ ಕೊಪ್ಪಿ ಹಾಕ್ಕೊಂಡು, ಬಿಸಲಿದ್ರ ಸೆರಗು ಹೊಚ್ಚಿಕೊಂಡು. ಆ ಎರಡು ವರ್ಷದಾಗ ಆಟದ ಕಾಯ್ದೆ ಎಲ್ಲಾ ಆಕಿಗೆ ಬಂದುಬಿಟ್ಟಿತ್ತು. ತಪ್ಪು ದಿಕ್ಕಿಗೆ ತಿರಗಿದ್ರ, ಹೇ ಫೌಲ್ ಆತಲ್ಲೇ ಅಂತ ಗಿಡದ ಕೆಳಗಿಂದಾನ ಒದರತಿದ್ಲು. ಹುಡುಗ್ಯಾರೆಲ್ಲಾ ನಗತಿದ್ರು, ಸರ್ ಅವರೂ.

ಹತ್ತನೇತ್ತೆ ಜುಲೈ. ನಾ ಬೆರಳು ಮಡಚಲಿಲ್ಲ, ಸರ್ ಓದಾಕ ಹತ್ತಿದಾಗ ಚಪ್ಪಲಿ ಸಾಲು ಮಾಡಕೋತ ಕುಂತಿದ್ದೆ. ಹನ್ನೊಂದನೇ ಹೆಸರು ನಂದು. ನನಗ ಕೇಳಸಲಿಲ್ಲ, ಗೆಳತಿ ಬಂದು ಎರಡೂ ಭುಜ ಹಿಡದು ಅಲುಗಾಡಿಸಿದ ಮ್ಯಾಲ ಗೊತ್ತಾತು. ಅಂಗಿ ನಂಬರ್ ಹನ್ನೊಂದು, ಹಳೇದು, ಕಂಕಳದಾಗ ಹೊಲಗಿ ಹಾಕಿದ್ದು. ಅದನ್ನ ಪಾಟಿಚೀಲದಾಗ ಮಡಚಿ ಇಟಗೊಂಡು ಮನಿಗೆ ಹಾರಿಕೋತ ಬಂದೆ. ಹೊಸ್ತಿಲಕ್ಕ ಬಂದು ನಿಂತೆ. ಯಾರಿಗೆ ಹೇಳಲಿ? ಮನ್ಯಾಗ ಎಲ್ಲಾರ ಲೆಕ್ಕದಾಗ ನಾ ಎರಡು ವರ್ಷದ ಹಿಂದನ ಟೀಮಿನ್ಯಾಗ ಬಂದಾಕಿ. ಜನ್ಮದಾಗ ಅಷ್ಟು ಸಂತೋಷ ಆದ ದಿನ ನಾ ಸುಮ್ಮನ ಹೋಗಿ ಕೈಕಾಲು ತೊಳಕೊಂಡೆ.

ಅದನ್ನ ಎರಡು ತಿಂಗಳು ಹೊಟ್ಟ್ಯಾಗ ಇಟಗೊಂಡೆ. ಭಾದ್ರಪದದಾಗ ನಮ್ಮ ದಶಲಕ್ಷಣ ಪರ್ವ ಬಂತು. ಹತ್ತು ದಿನ ವ್ರತ, ಪೂಜಿ, ಕೆಲವರು ಒಪ್ಪತ್ತು ಊಟ. ಅದು ಮುಗದ ಮ್ಯಾಲ ಒಂದು ದಿನ ಕ್ಷಮಾ ಕೇಳೋ ದಿನ. ಬಸದ್ಯಾಗೂ ಮನ್ಯಾಗೂ ಒಬ್ಬರಿಗೊಬ್ಬರು ಕೈ ಮುಗದು, ತಿಳದೋ ತಿಳೀದೋ ತಪ್ಪಾಗಿದ್ರ ಕ್ಷಮಾ ಮಾಡ್ರಿ ಅಂತ ಕೇಳಬೇಕು. ಸಣ್ಣವರು ದೊಡ್ಡವರಿಗೆ ಅಷ್ಟ ಅಲ್ಲ, ದೊಡ್ಡವರೂ ಸಣ್ಣವರಿಗೆ ಕೇಳಬೇಕು. ಹಿಂದಿನ ಎರಡು ವರ್ಷ ನಾ ಈ ಮಾತನ್ನ ಆಯಿ ಮುಂದ ಗಿಳಿ ಹೇಳಿದಂಗ ಹೇಳಿ ಓಡಿ ಹೋಗಿದ್ದೆ. ಈ ಸಲ ಹಂಗ ಮಾಡಾಕ ಆಗಲಿಲ್ಲ.

ಎಲ್ಲಾರೂ ಬಸದಿಗೆ ಹೋಗಿ ಬಂದು ಅವರವರ ಕೆಲಸಕ್ಕ ಹೋಗಿದ್ರು. ಆಯಿ ಅಡಿಗಿಮನ್ಯಾಗ ಕುಂತು ತೊಗರಿಬ್ಯಾಳಿ ಹಸನ ಮಾಡತಿದ್ಲು. ನಾ ಎದುರಿಗೆ ಕುಂತು ಕಾಲು ಮುಟ್ಟಿ ಎಲ್ಲಾ ಹೇಳಿದೆ. ಎಂಟನೇತ್ತ್ಯಾಗ ತೊಗೊಂಡಿದ್ದಿಲ್ಲ, ಒಂಬತ್ತನೇತ್ತ್ಯಾಗೂ ಇಲ್ಲ, ನೀ ಬಂದಾಗ ಅಷ್ಟ ಸರ್ ಒಳಗ ಕರೀತಿದ್ರು, ಉಳಿದ ಹೊತ್ತು ನಾ ಚಪ್ಪಲಿ ಕಾಯತಿದ್ನಿ, ಈ ವರ್ಷ ಖರೇನ ತೊಗೊಂಡಾರ, ನಿನಗ ಎರಡು ವರ್ಷ ಸುಳ್ಳು ಹೇಳಿ ಬುತ್ತಿ ಹೊರಿಸೇನಿ, ಕ್ಷಮಾ ಮಾಡು ಅಂದೆ. ಹೇಳೋ ಮುಂದ ಅತ್ತಿದ್ದಕ್ಕ ಅರ್ಧ ಮಾತು ಆಕಿಗೆ ತಿಳೀತೋ ಇಲ್ಲೋ ಅಂತ ಸಂಶಯ ಬಂತು.

"ಗೊತ್ತಿತ್ತು ಬಾಳಾ," ಅಂದ್ಲು ಆಯಿ.

ಯಾರು ಹೇಳಿದ್ರು ಅಂತ ಕೇಳಿದೆ. ಗೆಳತಿ ಹೇಳಿರಬೇಕು ಅಂತ ಕ್ಷಣದಾಗ ಆಕಿ ಮ್ಯಾಲ ಸಿಟ್ಟೂ ಬಂತು.

"ಯಾರೂ ಹೇಳಲಿಲ್ಲ. ನಿನ್ನ ತೊಗೋಬ್ಯಾಡ್ರಿ ಅಂತ ಸರ್‌ಗೆ ನಾನ ಹೇಳಿದ್ನಿ."

ಆಮ್ಯಾಲ ಆಯಿ ಒಂದೊಂದಾಗಿ ಹೇಳಿದ್ಲು, ನಾ ಒಂದೊಂದಾಗಿ ಕೇಳಿದೆ. ಎಂಟನೇತ್ತೆ ಆಯ್ಕೆ ಹಿಂದಿನ ದಿನ ಜೋಳ ಬೀಸಿಸಾಕ ಗಿರಣಿಗೆ ಹೋದಾಗ ಅಲ್ಲೆ ಸರ್ ಸಿಕ್ಕಿದ್ರಂತ. ನಿಮ್ಮ ಮೊಮ್ಮಗಳು ಚಲೋ ಆಡತಾಳ್ರಿ, ನಾಳೆ ಟೀಮಿಗೆ ತೊಗೊಳ್ಳಾವ ಅದೇನಿ ಅಂದ್ರಂತ. ಹೊರಗಿನ ಊರು, ಸೋಸದ ನೀರು, ಕತ್ತಲದಾಗ ಊಟ, ಹುಡುಗಿಯ ನೇಮ ಒಂದ ಸಲ ಮುರದ್ರ ಮತ್ತ ಕೂಡಂಗಿಲ್ಲ ಅಂತ ಆಯಿಗೆ ಅಂಜಿಕಿ. ಆಡಾಕ ಬಿಡ್ರಿ, ಯಾದಿಯೊಳಗ ಹೆಸರು ಬರೀಬ್ಯಾಡ್ರಿ, ನಾ ಹೇಳಿದ್ದು ಅಂತಾನೂ ಹೇಳಬ್ಯಾಡ್ರಿ ಅಂತ ಕೈ ಮುಗದಿದ್ಲಂತ. ವಯಸ್ಸಾದಾಕಿ, ಬಿಳಿ ಸೀರಿಯಾಕಿ, ಗಿರಣಿ ಮುಂದ ನಿಂತು ಕೈ ಮುಗದ್ರ ಸರ್ ಆದ್ರೂ ಏನು ಮಾಡಬೇಕು? ಮರುದಿನ ನಾ ಬಂದು ತೊಗೊಂಡ್ರು ಅಂದಾಗ ಅದು ಸುಳ್ಳು ಅಂತ ಜಗತ್ತಿನ್ಯಾಗ ಎಲ್ಲಾರಿಗಿಂತ ಮೊದಲು ಗೊತ್ತಾದದ್ದು ಆಯಿಗೆ.

ಹಂಗಾದ್ರ ಈ ವರ್ಷ ಹೆಂಗ ತೊಗೊಂಡ್ರು ಅಂತ ಕೇಳಿದೆ.

ಹೋದ ಬ್ಯಾಸಗಿ ಸುರು ಆಗೋ ಮೊದಲಿನ ಒಂದು ಸಂಜೀ ಮಾತು ಆಕಿ ಹೇಳಿದ್ಲು. ಆಯಿ ಬಂದು ಕುಂತಿದ್ಲು, ಸರ್ ನನ್ನ ಒಳಗ ಕರದಿದ್ರು. ಅವತ್ತ ನಾ ಕಂಬದ ಹತ್ತಿರ ಹೊಳ್ಳಿ, ಯಾರ ಕೈಗೂ ಸಿಗದ ಹುಡುಗೀನ ಮುಟ್ಟಿ ಔಟ್ ಮಾಡಿ, ಆಯಿ ಕಡೆ ನೋಡಿ ನಕ್ಕಿದ್ನಂತ. ಆಮ್ಯಾಲ ಶಿಳ್ಳಿ ಆತು. ಸರ್ ಏನೂ ಹೇಳಿದ್ದಿಲ್ಲ, ಯಾರೂ ಕಳಿಸಿದ್ದಿಲ್ಲ. ನೀ ನಿನ್ನಷ್ಟಕ್ಕ ನೀನ ಹೋಗಿ ಚಪ್ಪಲಿ ಹತ್ತಿರ ಕುಂತಿ, ಅದು ನಿನ್ನ ಜಾಗಾ ಅನ್ನಂಗ ಕುಂತಿ, ನನಗ ಅವತ್ತ ರೊಟ್ಟಿ ಗಂಟಲಾಗ ಇಳೀಲಿಲ್ಲ ಅಂದ್ಲು ಆಯಿ. ಮರುದಿನ ಸರ್ ಅವರ ಮನಿಗೆ ಹೋಗಿ, ನಾ ತಪ್ಪು ಮಾಡಿದ್ನಿ, ಹುಡುಗೀನ ತೊಗೊಳ್ರಿ ಅಂತ ಹೇಳಿ ಬಂದಿದ್ಲು.

ಇಷ್ಟು ಹೇಳಿ ಆಯಿ ಮೊರ ಬಾಜೂಕ ಇಟ್ಲು. ಎಪ್ಪತ್ತು ದಾಟಿದ ಮುದುಕಿ, ಹದಿನೈದು ವರ್ಷದ ನನಗ ಎರಡೂ ಕೈ ಮುಗದ್ಲು. "ಕ್ಷಮಾ ಮಾಡ ಬಾಳಾ," ಅಂದ್ಲು.

ಅವತ್ತಿನ ದಿನ ಹಂಗ ಯಾರು ಕೇಳಿದ್ರೂ ಮಾಡೇನಿ ಅನ್ನಬೇಕು. ನಾ ಅನ್ನಲಿಲ್ಲ. ಎದ್ದು ಹಿತ್ತಲಕ್ಕ ಹೋಗಿ, ನಾನ ನೆಟ್ಟ ಆ ಕಟಗೀನ ಕಿತ್ತಿ ಒಗದೆ.

ಎರಡು ವಾರ ಆಯಿ ಜೋಡಿ ಮಾತಾಡಲಿಲ್ಲ. ಸಂಜಿ ಆಕಿ ಬಂದು ಗಿಡದ ಕೆಳಗ ಬುಟ್ಟಿ ಬಿಚ್ಚತಿದ್ಲು, ಉಳಿದ ಹುಡುಗ್ಯಾರು ಹೋಗಿ ಉಣತಿದ್ರು, ನಾ ಅತ್ತ ಮಾರಿ ಮಾಡಿ ನಿಂದ್ರತಿದ್ದೆ. ಮನಿಗೆ ಹೋಗೋದ್ರಾಗ ಹೊತ್ತು ಮುಳುಗಿರತಿತ್ತು. ಸಿಟ್ಟೂ ಬಿಡವಲ್ಲೆ, ನೇಮಾನೂ ಬಿಡವಲ್ಲೆ, ನೀರು ಸೈತ ಇಲ್ಲದ ಹಂಗ ಮಲಗತಿದ್ದೆ. ಹಿಂಗ ಮೂರು ದಿನ ಆದ ಮ್ಯಾಲ ಗೆಳತಿ ಎರಡು ರೊಟ್ಟಿ ಸುತಗೊಂಡು ಬಂದು ನನ್ನ ಕೈಯಾಗ ಹಿಡಿಸಿ, ಮಾತು ಬಿಡು, ಊಟ ಯಾಕ ಬಿಡತಿ ಹುಚ್ಚಿ, ಸಂಜಿ ಬಿಸಲು ಇನ್ನೂ ಐತಿ ತಿನ್ನು ಅಂತ ಬೈದ್ಲು. ಅದು ಆಯಿ ಕೈ ರೊಟ್ಟಿ ಅಂತ ಗೊತ್ತಿದ್ರೂ ತಿಂದೆ. ಹಸಿವಿ ಆಗಿತ್ತು.

ಗೋಕಾಕಿನ ಪಂದ್ಯ ಬಂತು. ಈ ಸಲ ಯಾರೂ ಬ್ಯಾಡ ಅನ್ನಲಿಲ್ಲ. ಟೀಮಿನ ಜೋಡಿ ನಾ ಮುಂಜಾನಿ ಬಸ್ಸಿಗೆ ಹೋದೆ. ಮೂರನೇ ಪಂದ್ಯದಾಗ ಒಬ್ಬಾಕಿಗೆ ಕಾಲು ಉಳುಕಿತು, ಸರ್ ನನ್ನ ಒಳಗ ಕಳಿಸಿದ್ರು. ಆ ಪಂದ್ಯ ಗೆದ್ರ ಮುಂದ, ಸೋತ್ರ ಅವತ್ತಿಗೆ ನನ್ನ ಆಟ ಜನ್ಮಕ್ಕ ಮುಗೀತು. ಹನ್ನೊಂದು ನಂಬರಿನ ಅಂಗಿ ಹಾಕ್ಕೊಂಡು ಮೈದಾನದಾಗ ಕಾಲಿಟ್ಟೆ. ಸುತ್ತ ಮಂದಿ. ಗೆಳತಿ ಗ್ವಾಡಿಗತೆ ಅಂತ ಹೇಳಿದ್ದು ಖರೇನ ಇತ್ತು. ಒದರಾಟ, ಶಿಳ್ಳಿ, ತಗಡು ಬಡಿಯೋ ಸಪ್ಪಳ. ನನಗ ನಮ್ಮ ಮೈದಾನ ಗೊತ್ತು, ಬೇವಿನ ಗಿಡ ಗೊತ್ತು, ಹನ್ನೆರಡು ಹುಡುಗ್ಯಾರು ಗೊತ್ತು. ಈ ಸಪ್ಪಳ ಗೊತ್ತಿದ್ದಿಲ್ಲ.

ಸಾಲಿನ್ಯಾಗ ಕುಂತೆ. ಹಿಂದಿಂದ ಖೋ ಬಂದಂಗಾತು, ಎದ್ದೆ. ಬೆನ್ನಿಗೆ ಕೈ ಬಿದ್ದಿದ್ದಿಲ್ಲ, ಅದು ಮಂದಿ ಒದರಿದ್ದು. ಫೌಲ್. ಎರಡನೇ ಸಲ ಖರೇನ ಖೋ ಬಂದಾಗ ಅಂಜಿ ಕುಂತೇ ಉಳದೆ, ತಡಾ ಆತು, ಎದುರಿನಾಕಿ ಕಂಬ ದಾಟಿ ಹೋದ್ಲು. ನಾವು ಓಡೋ ಪಾಳಿ ಬಂದಾಗ ನಾ ಇಪ್ಪತ್ತು ಎಣಿಸೋದ್ರಾಗ ಔಟ್. ಗೆಳತಿ ಒಬ್ಬಾಕೇನ ಕೊನೀ ತನಕ ಓಡಿದ್ಲು, ತಣ್ಣಗ, ಸುತ್ತ ಯಾರೂ ಇಲ್ಲ ಅನ್ನಂಗ. ಒಂದು ಗುಣದಾಗ, ಅಂದ್ರ ಒಂದು ಪಾಯಿಂಟಿನ್ಯಾಗ ಸೋತ್ವಿ. ಆ ಒಂದು ಗುಣ ಯಾರಿಂದ ಹೋತು ಅಂತ ಯಾರೂ ಹೇಳಲಿಲ್ಲ, ಹೇಳೋ ಗರಜೂ ಇದ್ದಿಲ್ಲ.

ಮೈದಾನದ ಹೊರಗ ಬಂದು ಕಾಂಪೌಂಡ್ ಗ್ವಾಡಿಗೆ ಆನಿಕೊಂಡು ಕುಂತು ಅಳಾಕ ಹತ್ತಿದೆ. ಗೆಳತಿ ಬಂದು ಬಾಜೂಕ ಕುಂತ್ಲು. ಆಕಿಗೂ ಅದು ಸಾಲಿಯ ಕಡೀ ಪಂದ್ಯ, ಆಕೀನೂ ಅಳತಿದ್ಲು.

"ನಾನೂ ಮೊದಲನೇ ಮ್ಯಾಚಿನ್ಯಾಗ ಹಿಂಗ ಮಾಡಿದ್ನಿ, ಕೌಜಲಗ್ಯಾಗ. ನಿನಗ ಹೇಳಿದ್ದಿಲ್ಲ ಅಷ್ಟ. ಎಲ್ಲಾರದೂ ಮೊದಲನೇದ್ದು ಹಿಂಗ ಆಗತೈತಿ. ನಂದು ಎಂಟನೇತ್ತ್ಯಾಗ ಆತು, ನಿಂದು ಇವತ್ತ ಆತು."

ಆಕಿ ಸಮಾಧಾನ ಮಾಡಾಕ ಅಂದದ್ದು. ನನ್ನ ಎದ್ಯಾಗ ಮಾತ್ರ ಅದು ಚೂರಿಯಂಗ ಇಳೀತು. ನಾ ಕಮ್ಮಿ ಇದ್ದಿಲ್ಲ. ನನಗ ಮೊದಲನೇದ್ದು ಆದ ಮ್ಯಾಲ ಎರಡನೇದ್ದು ಇದ್ದಿಲ್ಲ, ಅಷ್ಟ. ಬೇಗ ಬಂದ್ರೇನು ತಡಾ ಆಗಿ ಬಂದ್ರೇನು ಅನ್ನೋ ಮಂದಿಗೆ ನಾ ಹೇಳೋದು ಇದನ್ನ. ಬೇಗ ಬಂದಾಕಿಗೆ ಕೆಡಸಾಕ, ಕೆಡಿಸಿ ಕಲಿಯಾಕ ದಿನ ಇರತಾವ.

ಕಣ್ಣು ಒರಸಿ ತಲಿ ಎತ್ತಿದ್ರ ಮುಂದ ಬಿಳಿ ಸೀರಿ. ಮನಿ ಬಿಟ್ಟು ಬೀಗರ ಊರಿಗೂ ಹೋಗದ ನಮ್ಮ ಆಯಿ, ಅಪ್ಪನ್ನ ಎಳಕೊಂಡು ಬಸ್ಸಿನ್ಯಾಗ ಗೋಕಾಕಿಗೆ ಬಂದಿದ್ಲು. ಯಾವಾಗ ಬಂದ್ಲೋ, ಪೂರಾ ಆಟ ನೋಡಿದ್ಲು. ಗೆಳತಿ ಅಂದ ಮಾತೂ ಕೇಳಿದ್ಲು. ಆಕಿ ಮಾರಿ ನೋಡಿದ ಕೂಡಲೇ ತಿಳೀತು ನನಗ. ಗೆಳತಿ ಎದ್ದು ಟೀಮಿನ ಕಡೆ ಹೋದ್ಲು. ಆಯಿ ನೆಲಕ್ಕ ಕೈ ಊರಿ ನನ್ನ ಬಾಜೂಕ ಕುಂತ್ಲು. ಎರಡು ವಾರದ ಮ್ಯಾಲ ನಾ ಮಾತಾಡಿದ್ದು ಅವಾಗ.

"ನೀ ಮಾಡಿದ್ದು ತಪ್ಪು ಆಯಿ."

"ಹೌದು ಬಾಳಾ. ತಪ್ಪು ಮಾಡಿದ್ನಿ."

ಅಷ್ಟ ಅಂದ್ಲು. ನಾ ಕಾಯ್ದೆ, ಇನ್ನೇನರೆ ಅಂತಾಳೇನು ಅಂತ. ಧರ್ಮದ ಮಾತು ತಗೀತಾಳ, ಎರಡು ವರ್ಷ ಬುತ್ತಿ ಹೊತ್ತದ್ದು ಹೇಳತಾಳ, ನಿನಗೇನು ತಿಳೀತೈತಿ ಸಣ್ಣಾಕಿ ಅಂತಾಳ ಅಂತ ಕಾಯ್ದೆ. ಆಕಿ ಏನೂ ಅನ್ನಲಿಲ್ಲ. ನನ್ನ ಕಾಲಿಗೆ ಹತ್ತಿದ ಮಣ್ಣು ಸೆರಗಿಲೆ ಒರಸಾಕ ಹತ್ತಿದ್ಲು. ನಾ ಆಕಿ ತೊಡಿ ಮ್ಯಾಲ ತಲಿ ಇಟ್ಟು, ಆ ದಿನ ಅಡಿಗಿಮನ್ಯಾಗ ಹೇಳಬೇಕಾಗಿದ್ದ ಮಾತನ್ನ ಹೇಳಿದೆ. ಮಾಡೇನಿ ಆಯಿ ಅಂದೆ.

ಆಮ್ಯಾಲ ಎಷ್ಟೋ ವರ್ಷ ಆಕಿ ಇದ್ಲು. ನನ್ನ ಲಗ್ನ ನೋಡಿದ್ಲು, ನನ್ನ ಮಗಳನ್ನ ಎತ್ತಿ ಆಡಿಸಿದ್ಲು. ಆ ಎರಡು ವರ್ಷ ಮಾತ್ರ ನನಗ ಯಾರೂ ವಾಪಸ್ ಕೊಡಲಿಲ್ಲ, ಕೊಡಾಕ ಬರೂದೂ ಇಲ್ಲ. ಅದು ಇವತ್ತಿಗೂ ನೋಯತೈತಿ, ಮುಚ್ಚಿಡಂಗಿಲ್ಲ. ಆದ್ರ ಆಕಿ ಮ್ಯಾಲ ಸಿಟ್ಟಿಲ್ಲ. ಅವತ್ತ ಗೋಕಾಕಿನ್ಯಾಗ ಆಯಿ ಒಂದೇ ಒಂದು ಸಲ, ನಿನ್ನ ಚಲೋದಕ್ಕ ಮಾಡಿದ್ನಿ ಅಂತ ಅಂದಿದ್ರ ನಾ ಆಕೀನ ಜನ್ಮದಾಗ ಕ್ಷಮಾ ಮಾಡತಿದ್ದಿಲ್ಲ. ಹಂಗನ್ನಾಕ ಆಕಿಗೆ ಎಲ್ಲಾ ಹಕ್ಕಿತ್ತು. ಆಕಿ ಅನ್ನಲಿಲ್ಲ.